ಖಾಜಾಬಿಯ ಹಾಲಿ ರೂಪಾಯಿ

ನಾನು ಒಂದು ಹಾಲಿ ರೂಪಾಯಿ. ನಿಜಾಮರ ರಾಜ್ಯಕ್ಕೆ ತನ್ನದೇ ನಾಣ್ಯವಿದ್ದ ಕಾಲದಲ್ಲಿ ಹೈದರಾಬಾದಿನ ಟಂಕಸಾಲೆಯಲ್ಲಿ ಹುಟ್ಟಿದೆ. ಕುದಿಯುವ ಬೆಳ್ಳಿಯಾಗಿದ್ದದ್ದು, ತಣ್ಣಗಾದ ಮೇಲೆ ಅಚ್ಚಿನ ಏಟು ಬಿದ್ದು ಮೈಮೇಲೆ ಚಾರ್‌ಮಿನಾರ್ ಮೂಡಿದ್ದು ಎಲ್ಲ ನೆನಪಿದೆ. ಏಟಿನ ನೋವು ಬೇಗ ಹೋಯಿತು. ಬೆಂಕಿಯ ಭಯ ಹೋಗಲಿಲ್ಲ.

ಸಿಪಾಯಿಯೊಬ್ಬನ ಸಂಬಳವಾಗಿ ಹೊರಟವನು ಹತ್ತಿ ದಲ್ಲಾಳಿಯ ಗಲ್ಲಾಪೆಟ್ಟಿಗೆಯಲ್ಲಿ ಕೆಲವು ವರ್ಷ ಕಳೆದು, ಕಡೆಗೆ ಹುಸೇನಸಾಬನ ಕೈಗೆ ಬಂದೆ. ಅವನು ಕಲಾಯಿಗಾರ, ಕಲಬುರಗಿ ಸೀಮೆಯ ಹಳ್ಳಿ ಹಳ್ಳಿ ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ತವರ ಹಚ್ಚುತ್ತಿದ್ದ. ಅವನ ಹೆಂಡತಿ ಖಾಜಾಬಿ ನನ್ನನ್ನು ಒಲೆಯ ಹಿಂದೆ ನೆಲದಲ್ಲಿ ಹೂತಿದ್ದ ಗಡಿಗೆಯೊಳಗೆ ಹಾಕಿದಳು. ಅಲ್ಲಿ ನನ್ನಂಥವರು ಇನ್ನೂ ಇದ್ದರು.

ನಿಜಾಮರ ರಾಜ್ಯ ಮುಗಿದ ವಾರ, ಸುತ್ತಲ ಊರುಗಳಲ್ಲಿ ಗಲಭೆ ಎದ್ದಿದ್ದಾಗ, ಹುಸೇನಸಾಬ ಬೆಂಕಿ ಊದುವ ತಿದಿ ಹೊತ್ತು ಪಕ್ಕದ ಊರಿಗೆ ಹೋದ. ತಿರುಗಿ ಬರಲಿಲ್ಲ. ಜನ ಏನೇನೋ ಹೇಳಲು ಬರುತ್ತಿದ್ದರು. ಖಾಜಾಬಿ ಮಾತು ಮುಗಿಯುವ ಮೊದಲೇ ಎದ್ದು ಒಳಗೆ ಹೋಗುತ್ತಿದ್ದಳು. ಹಳೆ ಬಟ್ಟೆಯ ಕೌದಿ ಹೊಲಿದು ಹೊಟ್ಟೆ ಹೊರೆದಳು. ನೆಲದೊಳಗಿಂದ ನನಗೆ ಹೆಚ್ಚಾಗಿ ಕೇಳುತ್ತಿದ್ದದ್ದು ಅವಳ ಹೆಜ್ಜೆ. ಯಾರಾದರೂ ಬಾಗಿಲು ಬಡಿದರೆ ಆ ಹೆಜ್ಜೆ ನಿಂತುಬಿಡುತ್ತಿತ್ತು. ಆಗ ಗಡಿಗೆಯೊಳಗೆ ನಾವೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಹೀಗೆ ಹತ್ತು ವರ್ಷ ಕಳೆದವು. ಒಂದು ದಿನ ಡಂಗುರ ಸಾರಿದರು. ಇನ್ನು ಹಾಲಿ ರೊಕ್ಕ ನಡೆಯುವುದಿಲ್ಲ, ಇಡೀ ದೇಶಕ್ಕೆ ಒಂದೇ ರೂಪಾಯಿ. ಏಳು ಹಾಲಿ ರೂಪಾಯಿಗೆ ಆರು ಹೊಸ ರೂಪಾಯಿಯಂತೆ ಕೊಡುತ್ತಾರೆ, ತಹಸೀಲ ಕಚೇರಿಗೆ ತನ್ನಿ ಎಂದರು. ಹಳೆಯವನ್ನೆಲ್ಲ ಕರಗಿಸುತ್ತಾರಂತೆ ಎಂದು ಹಾದಿಯಲ್ಲಿ ಯಾರೋ ಅಂದದ್ದು ಮಣ್ಣಿನೊಳಗಿದ್ದ ನನಗೂ ಕೇಳಿಸಿತು.

ಖಾಜಾಬಿ ಗಡಿಗೆ ಮುಟ್ಟಲಿಲ್ಲ. ದಿನಗಳು ಉರುಳಿದವು. ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಕೂಲಿ ಮಾಡುವ ನೆರೆಮನೆಯ ಗುರುಬಾಯಿ ಒಳಗೆ ಬಂದು ಕೂತಳು.

“ನಾಳಿಗಿ ಕಡೀ ದಿನ. ಹಿಂಗ್ಯಾಕ ಕುಂತಿ?”

“ಹೆಸರು ಬರ್ಕೋತಾರಂತ ಅಕ್ಕಾ. ಗಂಡನ ಹೆಸರೂ ಕೇಳ್ತಾರಂತ.”

“ಕೇಳಿದ್ರ ಹೇಳು.”

“ಎಲ್ಲಿದ್ದಾರ ಅಂತ ಕೇಳಿದ್ರ?”

ಗುರುಬಾಯಿ ಹತ್ತಿರ ಸರಿದು ಕೂತಳು. “ನಾ ಬಾಜೂಕ ನಿಂದರ್ತೀನಿ,” ಎಂದಳು.

ಮರುದಿನ ಕಚೇರಿಯ ಜಗಲಿಯಲ್ಲಿ ಉದ್ದನೆಯ ಸಾಲು. ನಾನು ಖಾಜಾಬಿಯ ಸೆರಗಿನ ಗಂಟಿನಲ್ಲಿದ್ದೆ. ಗಂಟನ್ನು ಅವಳು ಎದೆಗೆ ಒತ್ತಿ ಹಿಡಿದಿದ್ದಳು. ಆ ಎದೆ ಬಡಿದುಕೊಳ್ಳುವ ರಭಸಕ್ಕೆ ನಾವು ಒಬ್ಬರಿಗೊಬ್ಬರು ತಾಗಿ ಸದ್ದು ಮಾಡುತ್ತಿದ್ದೆವು. ಮುಂದೆ ಕನ್ನಡಕದ ಗುಮಾಸ್ತ ಮೇಜಿನ ಹಿಂದೆ ಕೂತು, ಬಂದ ನಾಣ್ಯಗಳನ್ನು ಗೋಣಿಚೀಲಕ್ಕೆ ಸುರಿಯುತ್ತಿದ್ದ. ಆ ಚೀಲ ಕಂಡು ನನ್ನ ಜೀವ ಹಾರಿತು.

“ಹೆಸರು?”

“ಖಾಜಾಬಿ.”

“ಗಂಡನ ಹೆಸರು?”

“ಹುಸೇನಸಾಬ್. ಕಲಾಯಿ ಮಾಡ್ತಿದ್ರು.”

“ಹಂಗಾದ್ರ ರೊಕ್ಕ ಅವರದಲ್ಲ? ಅವರೇ ಬರಬೇಕಿತ್ತು. ಎಲ್ಲಿದ್ದಾರ?”

ಬಾಗಿಲ ಬಳಿಯ ಪೊಲೀಸನೊಬ್ಬ ಇತ್ತ ತಿರುಗಿದ. ಗುರುಬಾಯಿ ಬಾಯಿ ತೆರೆಯುವಷ್ಟರಲ್ಲಿ ಖಾಜಾಬಿ ಅವಳ ತೋಳು ಹಿಡಿದಳು.

“ಅವರು ತೀರ್ಕೊಂಡಾರ್ರಿ,” ಎಂದಳು. “ಹತ್ತು ವರ್ಷಾತು.”

ಯಾರೂ ಅವಳನ್ನು ಹಿಡಿಯಲಿಲ್ಲ, ಬೈಯಲಿಲ್ಲ. ಗುಮಾಸ್ತ ಕಾಗದದ ಮೇಲೆ ‘ವಿಧವೆ’ ಎಂಬ ಒಂದು ಪದ ಬರೆದುಕೊಂಡು ಗಂಟು ಬಿಚ್ಚಿಸಿದ. ಎಣಿಸುವಾಗ ನಾನು ಅವನ ಬೆರಳಿನಿಂದ ಜಾರಿ ಉರುಳಿ, ನೆಲಕ್ಕೆ ಹಾಸಿದ ಎರಡು ಶಹಾಬಾದ್ ಕಲ್ಲುಗಳ ಸಂದಿಗೆ ಬಿದ್ದೆ. ಅವನು ಬಗ್ಗಿ ಲೆಕ್ಕಣಿಕೆಯ ತುದಿಯಿಂದ ಕೆದಕಿದ. ನಾನು ಇನ್ನಷ್ಟು ಕೆಳಗಿಳಿದೆ.

“ನಾ ಎಲ್ಲಾ ತಂದೀನ್ರಿ ಸಾಹೇಬ್ರ,” ಎಂದಳು ಖಾಜಾಬಿ. ಅವಳು ಮೇಜಿನತ್ತ ಒಂದು ಹೆಜ್ಜೆ ಮುಂದೆ ಬಂದದ್ದು ಸಂದಿಯಿಂದ ಕಂಡಿತು.

“ನನ್ನ ಕೈಯಾಗಿಂದ ಬಿದ್ದದ ಯವ್ವಾ. ನಿಂದು ಪೂರಾ ಬರದೀನಿ.”

ನನ್ನ ಜೊತೆಯವರು ಚೀಲಕ್ಕೆ ಬಿದ್ದರು. ಸಂಜೆ ಗಾಡಿ ಬಂದು ಚೀಲಗಳನ್ನು ಒಯ್ದಿತು.

ಆದರೆ ಅದಕ್ಕೂ ಮುಂಚೆ, ಹೊಸ ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡ ಖಾಜಾಬಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಎರಡೂ ಕೈ ಮುಂದೆ ಚಾಚಿದಳು. ಮೊಣಕೈ ತನಕ ಹಸಿರು ಗಾಜಿನ ಬಳೆಗಳು.

“ನೀನೇ ತೆಗಿ ಅಕ್ಕಾ. ನನ್ನ ಕೈಲೆ ಆಗಾಂಗಿಲ್ಲ.”

ಗುರುಬಾಯಿ ಒಡೆಯಲಿಲ್ಲ. ಒಂದೊಂದನ್ನೇ ಮೆಲ್ಲಗೆ ಜಾರಿಸಿ ತನ್ನ ಮಡಿಲಿಗೆ ಹಾಕಿಕೊಂಡಳು. ಸಾಲಿನಲ್ಲಿದ್ದವರು ಮುಖ ಅತ್ತ ತಿರುಗಿಸಿಕೊಂಡರು.

ನಾನು ಇಂದಿಗೂ ಇಲ್ಲೇ ಇದ್ದೇನೆ. ಮೇಲೆ ಹೊಸ ರೂಪಾಯಿಗಳ ಸದ್ದು ಕೇಳುತ್ತದೆ, ನನ್ನನ್ನು ಹುಡುಕುವವರಿಲ್ಲ. ಆದರೂ ಬೆಳಗ್ಗೆ ಕಸಬರಿಗೆ ಕಲ್ಲಿಗೆ ತಾಗಿದಾಗ ಹೆದರುತ್ತೇನೆ. ಅಡಗಿ ಕೂತವರಿಗೆ ಭಯ ತೀರುವುದಿಲ್ಲ. ಆ ದಿನ ಎದ್ದು ಬಂದು, ಗಂಡ ತೀರಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದವಳು ಖಾಜಾಬಿ. ಆಮೇಲೆ ಅವಳು ಬರಿಗೈಯಲ್ಲಿ ಮೆಟ್ಟಿಲಿಳಿದು ಮನೆ ಕಡೆ ನಡೆದಳು.