ಮೂರನೇ ತಂತಿ

ಅಣ್ಣಿಗೇರಿಯ ಬಸ್ ನಿಲ್ದಾಣದ ಎದುರಿಗೆ, ಹಿಟ್ಟಿನ ಗಿರಣಿಯ ಬಾಜುವಿನಲ್ಲಿ ಶಂಕ್ರಪ್ಪನ ರೇಡಿಯೊ ರಿಪೇರಿ ಅಂಗಡಿ ಇತ್ತು. ಗದಗಿನ ಒಂದು ಟಾಕೀಜಿನಲ್ಲಿ ಎಂಟು ವರ್ಷ ಸೌಂಡ್ ಯಂತ್ರ ನೋಡಿಕೊಂಡಿದ್ದವನು ಅವನು. ೧೯೮೩ರ ಹೊತ್ತಿಗೆ ಊರಿಗೆಲ್ಲ ಟ್ರಾನ್ಸಿಸ್ಟರ್ ಬಂದು, ಕಾದು ಕೆಂಪಗಾಗುವ ಗಾಜಿನ ವಾಲ್ವುಗಳನ್ನು ಕೇಳುವವರೇ ಇರಲಿಲ್ಲ. ಕೇಳಿದವರು ಒಬ್ಬರೇ, ಹೈಸ್ಕೂಲಿನ ಪಂಢರಿನಾಥ ಮಾಸ್ತರರು.

ಮಾಸ್ತರರು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವುದು. "ಟ್ರಾನ್ಸಿಸ್ಟರಿನ ದನಿ ಡಬ್ಬಿ ಬಡದಂಗ ಅದ, ಶಂಕ್ರಪ್ಪಾ. ನನಗೊಂದು ವಾಲ್ವಿನ ಆಂಪ್ಲಿಫೈಯರ್ ಮಾಡಿಕೊಡು. ಸಾಲಿ ವಾರ್ಷಿಕ ಗ್ಯಾದರಿಂಗಿನ್ಯಾಗ ಬಾರಸ್ತೀನಿ" ಎಂದಿದ್ದರು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಅವನು ತರಿಸಿದ ಚಹಾ ಕುಡಿಯುತ್ತ, "ನಾದಕ್ಕ ಜಾತಿ ಇಲ್ಲ ನೋಡು" ಎಂದೂ ಹೇಳುತ್ತಿದ್ದರು. ಕೇರಿಯಲ್ಲಿ ಹುಟ್ಟಿ ಬೆಳೆದ ಶಂಕ್ರಪ್ಪನಿಗೆ ಆ ಮಾತು ಚಹಾಕ್ಕಿಂತ ಸಿಹಿಯಾಗಿತ್ತು.

ಪೆಟ್ಟಿಗೆ ಕಟ್ಟಲು ಮೂರು ತಿಂಗಳು ಹಿಡಿಯಿತು. ಮನೆಯಲ್ಲಿ ಮೊದಲ ಸಲ ಚಾಲೂ ಮಾಡಿದಾಗ ಅದು ಊಳಿಟ್ಟಿತು. ಹೆಂಡತಿ ರೇಣುಕವ್ವ ಒಲೆ ಬಿಟ್ಟು ಓಡಿ ಬಂದಳು.

"ಏನ್ರೀ ಇದು, ಪೆಟ್ಟಿಗ್ಯಾಗ ನರಿ ಹೊಕ್ಕೈತೇನು?"

ಶಂಕ್ರಪ್ಪ ನಕ್ಕು, ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳನ್ನು ಅದಲು ಬದಲು ಮಾಡಿ ಬೆಸೆದ. ಊಳು ನಿಂತಿತು. ಗುಂಯ್ ಎನ್ನುವ ಸದ್ದೊಂದು ಉಳಿಯಿತು. ವಾಲ್ವಿಗೆ ಕಾವು ಕೊಡುವ ತಂತಿಗಳನ್ನು ಹೆಣೆದು, ಮೂಲೆಗೆ ಸರಿಸಿ ಕೂಡಿಸಿದ ಮೇಲೆ ಅದೂ ಹೋಯಿತು. ಪ್ಲಗ್ಗಿಗೆ ಅವನು ಮೂರು ತಂತಿ ಹಾಕಿದ್ದ. ಮೂರನೆಯದು ಅರ್ಥಿಂಗ್, ಪೆಟ್ಟಿಗೆಯ ತಗಡಿಗೆ ಎಲ್ಲಿಂದಲಾದರೂ ಕರೆಂಟು ತಾಗಿದರೆ ಅದು ಮನುಷ್ಯನ ಮೈಗೆ ಹರಿಯದೆ ಮಣ್ಣಿಗೆ ಇಳಿಯಲೆಂದು.

ಮಾಸ್ತರರ ಮನೆಗೆ ಪೆಟ್ಟಿಗೆ ಹೋದ ಮರುದಿನವೇ ಕರೆ ಬಂತು. ಶಂಕ್ರಪ್ಪ ಹೋದಾಗ ಪೆಟ್ಟಿಗೆ ಹೊರಗಿನ ಕಟ್ಟೆಯ ಮೇಲಿತ್ತು; ಒಳಗಿನ ಪ್ಲಗ್ಗಿನಿಂದ ಕಿಟಕಿಯ ಮೂಲಕ ವಾಯರ್ ಎಳೆದು, ಅದರ ತುದಿಯ ಬೋರ್ಡಿಗೆ ಪೆಟ್ಟಿಗೆಯ ಪ್ಲಗ್ ಹಾಕಿದ್ದರು. ಅವನು ಒಳಗೆ ಬರಬಾರದೆಂದು ಯಾರೂ ಹೇಳಲಿಲ್ಲ. ಹೇಳುವ ಪ್ರಸಂಗ ಬರದಂತೆ ಎಲ್ಲವನ್ನೂ ಹೊರಗೇ ಜೋಡಿಸಿದ್ದರು.

"ಗಿಟಾರಿನ ತಂತಿಗೆ ಕೈ ಹಚ್ಚಿದ್ರ ಜುಮ್ ಅಂತದೋ. ನಿನ್ನ ಕಡೆ ಏನೋ ತಪ್ಪಾಗ್ಯದ" ಎಂದರು ಮಾಸ್ತರರು.

ಶಂಕ್ರಪ್ಪ ತಗಡಿಗೆ ಟೆಸ್ಟರ್ ಹಚ್ಚಿದ. ಅದರ ದೀಪ ಹೊತ್ತಲಿಲ್ಲ. ವಾಲ್ವು ತೆಗೆದು ನೋಡಿದ, ಹಾಕಿ ನೋಡಿದ. ತಪ್ಪು ಕಾಣಲಿಲ್ಲ. ಅಷ್ಟರಲ್ಲಿ ಹಿತ್ತಲಿನ ಬಾವಿಯಲ್ಲಿ ಮೋಟರು ಚಾಲೂ ಆದ ಸದ್ದು ಬಂತು. ಪೆಟ್ಟಿಗೆ ಗುಂಯ್ ಎಂದಿತು, ಟೆಸ್ಟರಿನ ದೀಪ ಕೆಂಪಗೆ ಹೊತ್ತಿತು. ಅವನು ಪ್ಲಗ್ ಬಿಚ್ಚಿ, ಮೂರನೇ ತಂತಿಯನ್ನು ಕಳಚಿ, ಮತ್ತೆ ಹಾಕಿ ನೋಡಿದ. ಸದ್ದೂ ಇಲ್ಲ, ಕರೆಂಟೂ ಇಲ್ಲ. ಕಿಟಕಿಯಿಂದ ಬಂದ ವಾಯರಿನ ಬೋರ್ಡಿನಲ್ಲಿ ಅರ್ಥಿಂಗಿನ ಮೂರನೇ ತೂತಿಗೇ ಟೆಸ್ಟರ್ ಹಚ್ಚಿದ. ದೀಪ ಹೊತ್ತಿತು.

"ಸರ್, ಮೋಟರ್ ಬಂದ್ ಮಾಡಸ್ರಿ."

ಮೋಟರು ನಿಂತಿತು. ದೀಪ ಆರಿತು.

"ಸರ್, ಪೆಟ್ಟಿಗಿ ಅಗದಿ ಬರೋಬ್ಬರಿ ಐತ್ರಿ. ಕರೆಂಟ್ ನಿಮ್ಮ ಬಾವಿ ಮೋಟರಿನಿಂದ ಬರಾಕತ್ತೈತಿ. ಮಣ್ಣಿಗೆ ಹೋಗೂ ತಂತಿ ಎಲ್ಲ್ಯೋ ಹರದೈತಿ, ಅದಕ್ಕ ಮನಿ ತುಂಬ ತಿರಗತೈತಿ. ಮೋಟರಿನ ಪೈಪ್ ಮುಟ್ಟಿದವ್ರು ಉಳಿಯೂದಿಲ್ರಿ. ನಾ ಒಮ್ಮೆ ಬಾವಿ ಹತ್ರ ಹೋಗಿ ನೋಡತೀನ್ರಿ."

ಮಾಸ್ತರರು ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ತಾಯಿ ಭೀಮಾಬಾಯಿ ನಿಂತಿದ್ದರು.

"ಪಂಢರಿ, ಪೆಟ್ಟಿಗಿ ರಿಪೇರಿಗೆ ಅಂತ ಕರದಿ. ಈಗ ಬಾವಿ ಅಂತಾನ. ನಾಳೆ ಅಡಗಿಮನಿ ಅಂದಾನು. ಈ ಮೋಟರ್ ಹಾಕಿಸಿ ನಾಕು ವರ್ಷ ಆತು, ಯಾರಿಗೇನಾಗ್ಯದ?"

ಮಾಸ್ತರರು ದನಿ ತಗ್ಗಿಸಿದರು. "ಬಿಡೋ ಶಂಕ್ರಪ್ಪಾ. ಆ ಮೂರನೇ ತಂತಿ ತಗದ್ರ ಎಲ್ಲಾ ಸರಿ ಆಗ್ತದಲ್ಲ? ತಗದುಬಿಡು."

"ಪೆಟ್ಟಿಗಿ ಸರಿ ಆಗತೈತ್ರಿ. ಮೋಟರ್?"

"ಅದನ್ನ ನಾ ಯಾರಿಗಾರ ತೋರಸ್ತೀನಿ."

ಮೀಟರಿನ ಹಲಗೆ ಕಟ್ಟೆಯ ಗೋಡೆಗೇ ಇತ್ತು. ಮೋಟರಿನ ಫ್ಯೂಜು ಯಾವುದೆಂದು ಅವನಿಗೆ ಕಾಣುತ್ತಿತ್ತು. ಕೈ ಚಾಚಿ ಕಿತ್ತಿದ್ದರೆ ಆ ಹೊತ್ತಿನ ಅಪಾಯ ಅಲ್ಲಿಗೇ ತಪ್ಪುತ್ತಿತ್ತು. ಆದರೆ ಅವನ ಕಿವಿಯಲ್ಲಿ ಭೀಮಾಬಾಯಿಯ ಮಾತು ಇನ್ನೂ ಸುಡುತ್ತಿತ್ತು. ಅವರ ಬಾವಿ, ಅವರ ಕರೆಂಟು, ಏನಾದರೂ ಆಗಲಿ ಎಂದುಕೊಂಡು ಸಾಮಾನು ಚೀಲಕ್ಕೆ ತುಂಬಿದ. ಮುಸುರೆ ತಿಕ್ಕುವ ಗುರವ್ವ ಪಾತ್ರೆಗಳನ್ನು ಹೊತ್ತು ಸಂದಿಯಿಂದ ಹಿತ್ತಲಿಗೆ ಹೊರಟವಳು, "ಏನೋ ಶಂಕ್ರಪ್ಪಾ, ಮಾಸ್ತರಗ ಬಾರಸೂದು ಕಲಸಾಕತ್ತೀಯೇನು?" ಎಂದು ನಕ್ಕು ಹೋದಳು. ಅವನು ಚೀಲ ಹೆಗಲಿಗೇರಿಸಿ ರಸ್ತೆಗಿಳಿದ.

ಗ್ಯಾದರಿಂಗಿನ ದಿನ ಮಾಸ್ತರರು ಅದ್ಭುತವಾಗಿ ನುಡಿಸಿದರು. ಶಂಕ್ರಪ್ಪ ಕಂಪೌಂಡಿಗೆ ಆತು ನಿಂತು ಕೇಳಿದ. ತಾನು ಕಟ್ಟಿದ ಪೆಟ್ಟಿಗೆಯಿಂದ ಬಂದ ಆ ದನಿ ಜೇನಿನಂತೆ ದಪ್ಪಗೆ ಇಳಿಯುತ್ತಿತ್ತು. ಜನ ಚಪ್ಪಾಳೆ ಹೊಡೆದರು. ಆ ಸಂಜೆ ಅವನು ಮಾಸ್ತರರನ್ನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟ. ಮೋಟರಿನ ಮಾತು ನೆನಪಾಯಿತು. ಇಷ್ಟೊತ್ತಿಗೆ ತೋರಿಸಿರುತ್ತಾರೆ ಎಂದುಕೊಂಡ.

ಹದಿನೈದು ದಿನ ಕಳೆದಿರಬೇಕು. ಬೆಳಗಿನ ಹತ್ತು ಗಂಟೆಗೆ ಗಿರಣಿಯ ಮುಂದೆ ಜನ ಓಡತೊಡಗಿದರು. ಮಾಸ್ತರರ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಗುರವ್ವ ಒದ್ದೆ ಕೈಯಲ್ಲಿ ಮೋಟರಿನ ಪೈಪು ಹಿಡಿದಿದ್ದಳಂತೆ. ಯಾರೋ ಕಟ್ಟಿಗೆಯಿಂದ ಹೊಡೆದು ಬಿಡಿಸಿದ್ದರು. ಶಂಕ್ರಪ್ಪ ತಲುಪುವಷ್ಟರಲ್ಲಿ ಅವಳನ್ನು ಜೀಪಿನಲ್ಲಿ ಗದಗಿಗೆ ಒಯ್ದಾಗಿತ್ತು. ಲೈನ್‌ಮನ್ ಹಿತ್ತಲಿನಿಂದ ಕಟ್ಟೆಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದ.

"ಮೋಟರ್ ಬಾಳ ದಿನದಿಂದ ಲೀಕ್ ಐತ್ರಿ. ಅರ್ಥಿಂಗ್ ತಂತಿ ಕುಣಿಯೊಳಗ ತುಕ್ಕ ಹಿಡದು ಹರದೈತಿ. ನಿಮಗ್ಯಾರಿಗೂ ಗೊತ್ತಾಗಿಲ್ಲೇನ್ರಿ?"

"ಇಲ್ಲ" ಎಂದರು ಪಂಢರಿನಾಥ ಮಾಸ್ತರರು. "ಯಾರಿಗೂ ಗೊತ್ತಾಗಿಲ್ಲ."

ಅವರು ತಲೆ ಎತ್ತಿದಾಗ ಜನರ ನಡುವೆ ಶಂಕ್ರಪ್ಪನನ್ನು ಕಂಡರು.

"ಸರ್, ನಾ ಹೇಳಿದ್ನೆಲ್ರಿ" ಎಂದ ಶಂಕ್ರಪ್ಪ.

ಮಾಸ್ತರರು ಬಾಗಿಲ ಕಡೆ ನೋಡಿದರು. ಒಳಗಿನಿಂದ ಭೀಮಾಬಾಯಿಯ ದನಿ ಬಂತು: "ಇವನ ಪೆಟ್ಟಿಗಿ ಮನಿ ಹೊಕ್ಕಮ್ಯಾಲೆನ ಇದೆಲ್ಲಾ ಶುರು ಆತು. ಏನ ಜೋಡಿಸಿ ಹೋಗ್ಯಾನೋ ಯಾರಿಗ್ಗೊತ್ತು!"

ಲೈನ್‌ಮನ್‌ಗೆ ಅದು ಸುಳ್ಳೆಂದು ತಿಳಿದಿತ್ತು. ಅವನು ಸೈಕಲ್ ಹತ್ತಿ ಹೋದ. ಸಂಜೆಯೊಳಗೆ ಪೆಟ್ಟಿಗೆ ಕೈಗಾಡಿಯ ಮೇಲೆ ಅಂಗಡಿಗೆ ಮರಳಿ ಬಂತು. ವಾರದೊಳಗೆ ರೇಡಿಯೊ ರಿಪೇರಿಗೆ ಕೊಟ್ಟಿದ್ದವರೂ ಒಬ್ಬೊಬ್ಬರಾಗಿ ಬಂದು, "ಹಂಗ ಕೊಟ್ಟುಬಿಡಪಾ" ಎಂದು ತೆಗೆದುಕೊಂಡು ಹೋದರು.

ಗುರವ್ವ ಬದುಕಿದಳು. ತಿಂಗಳ ಮೇಲೆ ಊರಿಗೆ ಬಂದಳು. ಶಂಕ್ರಪ್ಪ ನೋಡಲು ಹೋದಾಗ ಬಾಗಿಲಲ್ಲಿ ಕುಳಿತಿದ್ದಳು. ಬಲಗೈಯ ಎರಡು ಬೆರಳು ಇರಲಿಲ್ಲ, ಉಳಿದವು ಮಡಚುತ್ತಿರಲಿಲ್ಲ.

"ನಿನಗ ಮೊದಲ ಗೊತ್ತಿತ್ತಂತ, ಖರೇನು?"

"ಹೌದಬೇ. ಮಾಸ್ತರಗ ಹೇಳಿದ್ದೆ."

"ಮಾಸ್ತರೇನ ಪೈಪ್ ಹಿಡೀತಾರ?" ಗುರವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತ ನಾ ನಿನ್ನ ಮುಂದನ ಹಾದು ಹೋದ್ನೆಲ್ಲೋ. ನನಗೊಂದು ಮಾತ ಹೇಳಬಾರದಿತ್ತೇನು?"

ಅವನು ನೆಲ ನೋಡುತ್ತ ನಿಂತ. ತಿಂಗಳಿಡೀ ಅವನು ಮಾಸ್ತರರ ಮೇಲಿನ ಸಿಟ್ಟನ್ನಷ್ಟೇ ಬೆಳೆಸಿಕೊಂಡಿದ್ದ.

"ಕೆಲಸಕ್ಕ ದುಂಡವ್ವ ಅನ್ನಾಕಿನ್ನ ಇಟ್ಟಾರಂತ" ಎಂದಳು ಗುರವ್ವ. "ಮೋಟರ್ ರಿಪೇರಿ ಮಾಡಿಸ್ಯಾರೋ ಇಲ್ಲೋ ದೇವರಿಗ್ಗೊತ್ತು. ಆಕಿಗಾದ್ರೂ ಹೇಳೀಯೇನು?"

ಶಂಕ್ರಪ್ಪ ಹೇಳಿರಲಿಲ್ಲ. ಅವನು ಅಲ್ಲಿಂದ ನೇರ ಮಾಸ್ತರರ ಮನೆಯ ಹಿಂದಿನ ಓಣಿಗೆ ನಡೆದ. ಮೊಳಕಾಲೆತ್ತರದ ಕಲ್ಲು ಹತ್ತಿ ಹಿತ್ತಲ ಗೋಡೆಯ ಮೇಲಿಂದ ಇಣುಕಿದ. ದುಂಡವ್ವ ಬಾವಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ತಪ್ಪಲೆ ತಿಕ್ಕುತ್ತಿದ್ದಳು.

"ಯವ್ವಾ, ಮೋಟರ್ ಚಾಲೂ ಇದ್ದಾಗ ಪೈಪ್ ಮುಟ್ಟಬ್ಯಾಡಬೇ" ಎಂದು ಕೂಗಿದ.

ಅವಳು ತಲೆ ಎತ್ತಿ, ಅವನ ಗುರುತು ಹಿಡಿದು, ಸೆರಗು ಎಳೆದುಕೊಂಡಳು.

"ನಿನ್ನ ಕೂಡ ಮಾತಾಡಬ್ಯಾಡ ಅಂದಾರ ಅವ್ವಾರು" ಎಂದವಳೇ ತಪ್ಪಲೆಯನ್ನು ಎತ್ತಿಕೊಂಡು, ಅವನಿಗೆ ಬೆನ್ನು ಮಾಡಿ, ಪೈಪಿನ ಆಚೆ ಬದಿಗೆ ಹೋಗಿ, ಅದು ಕೈಗೆಟುಕುವಷ್ಟು ಹತ್ತಿರ ಕುಳಿತಳು.