ಕೋಲು ಹಿಡಿದ ಕೈ

“ತಂಗಿ, ನನ್ನ ಮಗಗ ಹೇಳು. ನನಗ ಒಂದ ಕೈಲೆ ಆಡೋದು ಬೇಕು.”

ಬಾಲಮ್ಮನ ಮಗ ಬೀರೇಶ ಅವಳ ಮೊಣಕೈಗೆ ತಾಗಿಕೊಂಡೇ ನಿಂತಿದ್ದ. ಆದರೂ ಅಂಗಡಿಯ ಅಸ್ಮತ್ ಅವನ ಕಡೆ ತಿರುಗಿ, “ಒಂದ ಕೈಲೆ ಆಡೋದು ಬೇಕಂತ್ರಿ ಸರ್” ಎಂದಳು. ರಾಯಚೂರಿನ ಈ ಮೊಬೈಲ್ ಅಂಗಡಿಗೆ ತಾಯಿ ಮಗ ಕಾಲಿಟ್ಟಾಗಿನಿಂದ ಅವಳಿಗೆ ವ್ಯಾಪಾರಕ್ಕಿಂತ ಇದೇ ಕೆಲಸ ಹೆಚ್ಚಾಗಿತ್ತು.

ತಪ್ಪು ಬೀರೇಶನದೇ. ಮನೆಗೆ ಹೊಸ ವಾಷಿಂಗ್ ಮಷಿನ್ ಬಂದ ಹುರುಪಿನಲ್ಲಿ ಕಂಡಕಂಡದ್ದನ್ನೆಲ್ಲ ಅದಕ್ಕೆ ತುಂಬಿದ. ಅವ್ವನ ಎಲೆಅಡಿಕೆ ಸಂಚಿಯನ್ನೂ ಬಿಡಲಿಲ್ಲ. ಅಡಿಕೆ, ಸುಣ್ಣದ ಡಬ್ಬಿ ತೆಗೆದಿಟ್ಟ. ಎಲ್ಲಕ್ಕಿಂತ ಒಳಗಿನ ಕಿಸೆಯಲ್ಲಿ ಅಂಗೈಯಲ್ಲಿ ಹಿಡಿಯುವ ಬ್ರಿಕ್ ಗೇಮ್ ಯಂತ್ರ ಇದ್ದದ್ದು ಮಷಿನ್ ಗಡಗಡ ಅಂದಮೇಲೆ ತಿಳಿಯಿತು. ಚಿಕ್ಕವನಿದ್ದಾಗ ಜಾಲಹಳ್ಳಿ ಸಂತೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡು, ಬೇಸರವಾಗಿ ಅವನೇ ಬಿಸಾಕಿದ್ದ ಆಟ ಅದು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಹೊಂದಿಸುವುದು, ಅಷ್ಟೇ. ಅಂದಿನಿಂದ ಬಾಲಮ್ಮ ಕುರಿ ಮೇಯಿಸುತ್ತ ಹೊಂದಿಸುತ್ತಲೇ ಬಂದಿದ್ದಳು.

ಆಟ ಸತ್ತ ದಿನದಿಂದ ಮಗನೊಂದಿಗೆ ಮಾತಿಲ್ಲ. ಊಟಕ್ಕೆ ಕರೆಯುವುದೂ ಸೊಸೆಯ ಬಾಯಿಂದಲೇ. ದೇವದುರ್ಗದ ಹೈಸ್ಕೂಲಿನಲ್ಲಿ ಇಡೀ ಕ್ಲಾಸನ್ನು ಗದರಿಸುವ ಮಾಸ್ತರ ಅವ್ವನೆದುರು ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದ.

ಅಸ್ಮತ್ ಎರಡು ಆಟದ ಯಂತ್ರಗಳನ್ನು ಮುಂದಿಟ್ಟಳು. ಒಂದು ಅಡ್ಡಕ್ಕೆ ಅಗಲವಾದದ್ದು, ದೊಡ್ಡ ಪರದೆ, ಎರಡೂ ಕೈಲಿ ಹಿಡಿಯಬೇಕು. ಇನ್ನೊಂದು ಉದ್ದಕ್ಕಿದ್ದ ಸಣ್ಣದು. ಬಾಲಮ್ಮ ತೊಳೆದು ಬಿಳುಚಿಕೊಂಡ ಸಂಚಿಯನ್ನು ಸೊಂಟದಿಂದ ತೆಗೆದು ಸಣ್ಣದನ್ನು ಅದರೊಳಗೆ ಇಳಿಸಿ ನೋಡಿದಳು. ಸರಿಯಾಗಿ ಕೂತಿತು.

“ಮೇಡಂ, ದೊಡ್ಡದರಾಗ ಸಾವಿರಾರು ಆಟ ಅದಾವಂತ ಅವ್ವಗ ಹೇಳ್ರಿ” ಎಂದ ಬೀರೇಶ. ಅವನಿಗೂ ಚಾಳಿ ಅಂಟಿತ್ತು.

“ನನಗ ಒಂದ ಆಟ ಸಾಕು. ಉಳಿದಾವ ಅವನ ಆಡಲಿ.”

ಸಣ್ಣದನ್ನು ಹಿಡಿದು ಅವಳು ಬಾಗಿಲ ಬಿಸಿಲಿಗೆ ಹೋದಳು. ಇನ್ನೊಂದು ಕೈಯಲ್ಲಿ ಕುರಿ ಕಾಯುವ ಕೋಲು. ಕೋಲಿಲ್ಲದೆ ಪರೀಕ್ಷೆ ಮಾಡಿದರೆ ಅದೇನು ಪರೀಕ್ಷೆ ಎಂದು ಜಾಲಹಳ್ಳಿಯಿಂದ ಬಸ್ಸಿನಲ್ಲಿ ಅದನ್ನೂ ಹೊತ್ತು ತಂದಿದ್ದಳು.

“ತಂಗಿ, ಇದರಾಗ ಇಟ್ಟಂಗಿ ಕಾಣವಲ್ವು. ನನ್ನ ಮಾರಿನ ಕಾಣಾಕತ್ತದ.”

“ದೊಡ್ಡದು ಬಿಸಲಾಗೂ ಕಾಣ್ತದಮ್ಮ. ಆದ್ರ ಬೆಳಕು ಜಾಸ್ತಿ ಇಟ್ರ ಚಾರ್ಜ್ ಲಗೂನ ಮುಗೀತದ.”

“ಮುಗದ್ರ?”

“ಮನಿಗೆ ಬಂದು ಹಚ್ಚಬೇಕು.”

“ಅಲ್ಲೀತನ ಕುರಿ ಕಾಯ್ತಾವೇನು?”

ಅಸ್ಮತ್ ನಕ್ಕಳು. “ಎಲ್ಲಾ ಒಂದರಾಗ ಸಿಗಂಗಿಲ್ಲಮ್ಮ. ಕೈಗೆ ಹಗುರ ಬೇಕಂದ್ರ ಕಣ್ಣಿಗೆ ತ್ರಾಸ. ಕಣ್ಣಿಗೆ ಆರಾಮ ಬೇಕಂದ್ರ ಎರಡೂ ಕೈ ಕೊಡಬೇಕು.”

ಬಾಲಮ್ಮ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ದೊಡ್ಡದನ್ನು ಎತ್ತಿಕೊಂಡಳು. ಬಿಸಿಲಲ್ಲೂ ಇಟ್ಟಿಗೆಗಳು ಕೆಂಪು, ಹಳದಿಯಾಗಿ ನಿಚ್ಚಳ ಕಂಡವು. ಹಳೆಯದರಲ್ಲಿ ಬಣ್ಣವೇ ಇರಲಿಲ್ಲ. ಒಂದು ಸಾಲು ತುಂಬಿ ಅಳಿಸಿತು, ಇನ್ನೊಂದು ಅಳಿಸಿತು. ಅವಳ ಮುಖ ಅರಳಿತು. ಅಷ್ಟರಲ್ಲಿ ಕೋಲು ಜಾರಿ ಬಾಗಿಲಲ್ಲಿ ತೂಗುಹಾಕಿದ್ದ ಇಯರ್‌ಫೋನುಗಳಿಗೆ ಬಡಿಯಿತು. ಮೊಣಕೈಯಿಂದ ಒತ್ತಿ ಹಿಡಿಯಲು ಹೋದರೆ ಇಟ್ಟಿಗೆ ಅಡ್ಡಾದಿಡ್ಡಿ ಕೂತವು.

“ಕೊಡ್ರಿ ಅಮ್ಮ, ನಾ ಹಿಡೀತೀನಿ” ಎಂದು ಅಸ್ಮತ್ ಎದ್ದು ಬಂದಳು.

“ನೀ ಬಿಡು ತಂಗಿ.” ಬಾಲಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಬೀರ್ಯಾ, ಹಿಡೀಲೇ ಇದನ್ನ.”

ಬೀರೇಶ ಕೋಲನ್ನು ಎರಡೂ ಕೈಯಿಂದ ಇಸಿದುಕೊಂಡ. ಕಣ್ಣು ತುಂಬಿ ಬಂದದ್ದು ಕಾಣಬಾರದೆಂದು ಬೀದಿಯ ಕಡೆ ನೋಡಿದ. ಎಷ್ಟೋ ಹೊತ್ತಾದ ಮೇಲೆ ಅವನಿಗೆ ಒಂದು ಅನುಮಾನ ಬಂತು.

“ಯವ್ವಾ, ದೊಡ್ಡದ ತಗೊಂಡ್ರ ನಾಳಿ ಐತವಾರ ಕುರಿ ಯಾರು ಹೊಡಕೊಂಡು ಹೋಗ್ತಾರ?”

“ಕೋಲು ಯಾರ ಕೈಯಾಗ ಅದ?”

ಬೀರೇಶ ತನ್ನ ಕೈ ನೋಡಿಕೊಂಡ, ಆಮೇಲೆ ಪಾಲಿಶ್ ಮಾಡಿದ ಬೂಟು ನೋಡಿಕೊಂಡ. ಭಾನುವಾರ ಶಾಲೆಯ ನೆಪವೂ ಇರಲಿಲ್ಲ. ಅಸ್ಮತ್ ದೊಡ್ಡದರ ಖಾಲಿ ಡಬ್ಬಿ ಹುಡುಕಿ ತೆಗೆದಳು. ಹೊಸ ಗಾಜಿನ ಮೂಲೆಯಲ್ಲಿ ಆಗಲೇ ಬಾಲಮ್ಮನ ಸುಣ್ಣ ಹತ್ತಿದ ಹೆಬ್ಬೆರಳಿನ ಗುರುತು ಬಿದ್ದಿತ್ತು.