ಕ್ಯಾಲ್ಸಿಯಂ ಡಬ್ಬಿ

ಪ್ರತಿ ತಿಂಗಳ ಮೊದಲ ಗುರುವಾರ ಅಂಬುಬಾಯಿ ಬಸವಕಲ್ಯಾಣದಿಂದ ಹುಮನಾಬಾದಿನ ಬಸ್ಸು ಹತ್ತುತ್ತಿದ್ದಳು. ಅಲ್ಲೇ ಪಕ್ಕದ ಮಾಣಿಕನಗರದ ಮಠಕ್ಕೆ ಹೋಗಿ ಬರುತ್ತೇನೆ ಎಂದು ಬೆಳಿಗ್ಗೆ ಹೊರಟರೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾಗದದ ಪೊಟ್ಟಣದಲ್ಲಿ ನಾಲ್ಕು ಪೇಢೆ ಹಿಡಿದುಕೊಂಡು ವಾಪಸು ಬರುವಳು. ಮಗಳು ಆಮ್ರಪಾಲಿಗೆ ಆ ಪೇಢೆ ಕಂಡರೆ ಮೈ ಉರಿಯುತ್ತಿತ್ತು.

"ಗ್ವಾಡಿ ಮ್ಯಾಲ ಬಾಬಾಸಾಹೇಬರ ಫೋಟೋ ಅದ, ಬುದ್ಧನ ಮೂರ್ತಿ ಅದ. ಸಾಲ್ಯಾಗ ನಾ ಹುಡುಗರಿಗೆ ಬುದ್ಧಿ ಹೇಳಾಕತ್ತೇನಿ. ನನ್ನ ಅವ್ವ ನೋಡಿದ್ರ ಮಠಕ್ಕ ಹೊಂಟಾಳ!"

"ಇರ್ಲಿ ಬಿಡ ಆಮ್ರಾ," ಎನ್ನುತ್ತಿದ್ದಳು ಅಂಬುಬಾಯಿ. "ಬಸ್ಸಿನ್ಯಾಗ ಕುಂತ್ರ ನಾಕು ಮಂದಿ ಮಾರಿ ಕಾಣ್ತಾವ. ಈಗಂತೂ ಹೆಣ್ಮಕ್ಕಳಿಗಿ ಬಸ್ಸು ಫುಕಟ್ ಅದ."

ಆಮ್ರಪಾಲಿಯ ಗಂಡ ದೇವಿದಾಸ ನಗುತ್ತ ಪೊಟ್ಟಣಕ್ಕೆ ಕೈಹಾಕುತ್ತಿದ್ದ. "ನನಗ ದೇವ್ರು ಬ್ಯಾಡ, ಪೇಢೆ ಬೇಕು. ಅತ್ತಿ, ಮುಂದಿನ ಸಲ ಎಂಟು ತರ್ರಿ."

ಮೋರಖಂಡಿಯಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವ ಮಗಳ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷಗಳಲ್ಲಿ ಆಮ್ರಪಾಲಿ ಒಂದು ಪೇಢೆಯನ್ನೂ ಬಾಯಿಗಿಡಲಿಲ್ಲ.

ದೇವಿದಾಸನದು ಬೀಜ, ಗೊಬ್ಬರದ ಅಂಗಡಿ. ಆ ವರ್ಷ ಸೋಯಾ ಬೀಜ ಚೆನ್ನಾಗಿ ಮಾರಾಟವಾಗಿ, ಕಂಪನಿಯವರು ವ್ಯಾಪಾರಿಗಳಿಗೆ ಹಡಗಿನ ಪ್ರವಾಸ ಕೊಟ್ಟರು. ಮುಂಬೈಯಿಂದ ಗೋವಾಕ್ಕೆ, ಗೋವಾದಿಂದ ವಾಪಸು. ಮೂರು ರಾತ್ರಿ, ನಾಲ್ಕು ಹಗಲು, ಒಬ್ಬೊಬ್ಬರಿಗೆ ಎರಡೆರಡು ಟಿಕೆಟು. ದೇವಿದಾಸ ತನ್ನ ಟಿಕೆಟನ್ನು ಅತ್ತೆಗೆ ಕೊಟ್ಟುಬಿಟ್ಟ. "ನನಗ ಚುಳಕಿನಾಲಾ ಕೆರಿ ದಂಡಿಗಿ ನಿಂತ್ರೇ ಕಾಲು ನಡುಗ್ತಾವ. ಅತ್ತಿ ಸಮುದ್ರ ನೋಡಿಲ್ಲ, ನೋಡಿ ಬರ್ಲಿ" ಎಂದ. ಆಮ್ರಪಾಲಿ ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ಹುಮನಾಬಾದಿನ ಗೊಬ್ಬರದ ವ್ಯಾಪಾರಿ ಸೂರ್ಯಕಾಂತ ಮತ್ತು ಅವನ ಹೆಂಡತಿ ವಿಶಾಖಾ ಕೂಡ ಅದೇ ಹಡಗಿಗೆ ಬರುವವರಿದ್ದರು. ಅವರ ಮಗ ಅಜೀತನಿಗೆ ಆಮ್ರಪಾಲಿಯ ಮಗಳು ಮಯೂರಿಯನ್ನು ಕೇಳಿದ್ದರು. ಹುಡುಗ ಹುಡುಗಿ ಒಪ್ಪಿದ್ದರು, ಮಾತು ಇನ್ನೂ ಪಕ್ಕಾ ಆಗಿರಲಿಲ್ಲ.

ಹೊರಡುವ ವಾರ ಕಂಪನಿಯವರು ವಾಟ್ಸಾಪಿನಲ್ಲಿ ನಿಯಮಗಳ ಉದ್ದನೆಯ ಯಾದಿ ಕಳಿಸಿದರು. ಆಮ್ರಪಾಲಿ ಅದನ್ನು ತರಗತಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದಳು. ಗುಳಿಗೆಗಳು ಅಂಗಡಿಯಿಂದ ತಂದ, ಹೆಸರು ಅಚ್ಚಾದ ಪಟ್ಟಿಯಲ್ಲೇ ಇರಬೇಕು, ಬಿಡಿಸಿ ಇಟ್ಟುಕೊಳ್ಳಬಾರದು, ಡಾಕ್ಟರರ ಚೀಟಿ ಜೊತೆಗಿರಬೇಕು, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ತನ್ನ ಬಿ.ಪಿ. ಗುಳಿಗೆಗಳನ್ನೂ ಚೀಟಿಯನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, "ನಿಂದೇನರ ಅದನವ್ವ?" ಎಂದು ಕೇಳಿದಳು.

"ನಂದೇನದ. ಕ್ಯಾಲ್ಸಿಯಂ ಡಬ್ಬಿ ಒಂದು." ಸ್ವಲ್ಪ ಹೊತ್ತು ಬಿಟ್ಟು ಅವ್ವ ಕೇಳಿದಳು, "ಡಬ್ಬಿ ಒಯ್ಯಾಕ ಬಿಡ್ತಾರಲ್ಲ?"

"ಬಿಡ್ತಾರ."

ಊಟಕ್ಕೆ ಕೂತಾಗ ಇನ್ನೊಮ್ಮೆ ಕೇಳಿದಳು. ಹೊರಡುವ ದಿನ ಚಪ್ಪಲಿ ಮೆಟ್ಟುವಾಗ ಮತ್ತೊಮ್ಮೆ. ಬಿಡುತ್ತಾರೆ ಎಂದಷ್ಟೇ ಹೇಳಿದ್ದು ಆಮ್ರಪಾಲಿಗೆ ನೆನಪಿದೆ. ಒಂದು ಡಬ್ಬಿಗಾಗಿ ಅವ್ವ ಮೂರು ಸಲ ಯಾಕೆ ಕೇಳಿದಳು ಎಂದು ಮಾತ್ರ ಆಗ ಹೊಳೆಯಲಿಲ್ಲ.

ಮುಂಬೈ ಬಂದರಿನಲ್ಲಿ ತಪಾಸಣೆಯ ಸಾಲು ಉದ್ದವಿತ್ತು. ಅವ್ವನ ಚೀಲ ಯಂತ್ರದೊಳಗೆ ಹೋಗಿ ಆಚೆ ಬಂದದ್ದೇ, ಖಾಕಿ ತೊಟ್ಟ ಹೆಂಗಸು ಅದನ್ನು ಪಕ್ಕಕ್ಕೆ ಎಳೆದುಕೊಂಡಳು. ಡಬ್ಬಿಯ ಮುಚ್ಚಳ ತೆಗೆದು ನಾಲ್ಕು ಗುಳಿಗೆ ಅಂಗೈಗೆ ಸುರಿದಳು. ಸಣ್ಣ ಸಣ್ಣ ಬಿಳಿ ಗುಳಿಗೆ. ಡಬ್ಬಿಯ ಮೇಲಿನ ಚಿತ್ರದಲ್ಲಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು.

"ಯೇ ಕ್ಯಾಲ್ಸಿಯಂ ನಹೀ ಹೈ. ಪರ್ಚಿ ಹೈ?" ಎಂದು ಡಾಕ್ಟರರ ಚೀಟಿ ಕೇಳಿದಳು.

"ಸಸ್ತಾ ಕಂಪನಿದು ಇರಬೇಕು" ಎಂದು ಆಮ್ರಪಾಲಿ ಹಿಂದಿಯಲ್ಲಿ ತಡವರಿಸಿದಳು. ಹಿಂದೆ ವಿಶಾಖಾ ಕಣ್ಣಿನ ಕಪ್ಪು ಕನ್ನಡಕವನ್ನು ತಲೆಗೇರಿಸಿ ನಿಂತಿದ್ದಳು. "ಏನಾಯ್ತ್ರಿ ಬೀಗತಿಯವರ? ನಿಮ್ಮ ಅವ್ವ ಅಫೀಮು ಹೊತ್ಕೊಂಡು ಬಂದಾರೇನ?" ಎಂದಳು. ತಮಾಷೆಗೇ ಅಂದದ್ದು. ಸಾಲಿನಲ್ಲಿದ್ದ ವ್ಯಾಪಾರಿಗಳು ನಕ್ಕರು. ಆಮ್ರಪಾಲಿಯ ಕಿವಿ ಬಿಸಿಯಾದವು.

ಖಾಕಿಯ ಹೆಂಗಸು ಒರಟಿಯೇನಲ್ಲ. ಅಲ್ಲಿ ಬೆಂಚಿನ ಮೇಲೆ ಅರ್ಧ ಗಂಟೆ ಕೂತುಕೊಳ್ಳಿ, ಹಡಗಿನ ಡಾಕ್ಟರರು ಬಂದು ನೋಡುತ್ತಾರೆ, ಅವರು ಹ್ಞೂಂ ಎಂದರೆ ಒಯ್ಯಿರಿ ಎಂದಳು. ಇಲ್ಲದಿದ್ದರೆ ಡಬ್ಬಿ ಇಲ್ಲೇ ಬಿಡಬೇಕು.

ಅವ್ವ ಒಂದು ಕೈಯನ್ನು ಡಬ್ಬಿಯ ಮೇಲಿಟ್ಟಿದ್ದಳು. ಮಗಳನ್ನು ನೋಡಿದಳು, ಮಗಳ ಭುಜದ ಆಚೆ ವಿಶಾಖಾಳನ್ನು ನೋಡಿದಳು. ಬಾಯಿ ಒಂದಿಷ್ಟು ತೆರೆಯಿತು.

"ಕುಂದ್ರೋಣೇನ ಆಮ್ರಾ?"

"ಅರ್ಧ ತಾಸು ಯಾರು ಕುಂದಿರ್ತಾರ ಇಲ್ಲಿ? ಎಲ್ಲಾರೂ ಹೊಂಟಾರ. ಬಿಡವ್ವ ಅದನ್ನ. ಮೂರು ದಿನ ಕ್ಯಾಲ್ಸಿಯಂ ತಿನ್ನಲಿಲ್ಲಂದ್ರ ಎಲುಬೇನ ಮುರೀತಾವ?"

ಅವ್ವ ಕೈ ತೆಗೆದಳು. ಆಮ್ರಪಾಲಿಯೇ ಡಬ್ಬಿಯನ್ನು ಎತ್ತಿ ಅಲ್ಲಿದ್ದ ನೀಲಿ ಬುಟ್ಟಿಗೆ ಹಾಕಿದಳು. ಗುಳಿಗೆಗಳು ಒಳಗೆ ಗಲಗಲ ಅಂದವು.

ಮೊದಲ ಎರಡು ದಿನ ಚೆನ್ನಾಗಿಯೇ ಹೋದವು. ಡೆಕ್ಕಿನ ಕಟಕಟೆ ಹಿಡಿದು ಸಮುದ್ರ ನೋಡಿದ ಅವ್ವ, "ಇಷ್ಟು ನೀರದ, ಒಂದು ಎಮ್ಮಿ ಕಾಣವಲ್ದು" ಎಂದಾಗ ಸೂರ್ಯಕಾಂತ ಬಿದ್ದು ಬಿದ್ದು ನಕ್ಕ. ವಿಶಾಖಾ ಅವ್ವನಿಗೆ ತನ್ನ ಕಪ್ಪು ಕನ್ನಡಕ ಹಾಕಿಸಿ ಫೋಟೋ ತೆಗೆದಳು. ಎರಡನೆಯ ದಿನ ಚಹಾ ಕುಡಿಯುತ್ತ, "ಅಜೀತಗ ನಿಮ್ಮ ಮಯೂರಿ ಬಿಟ್ರ ಬ್ಯಾರೆ ಯಾರೂ ಬ್ಯಾಡಂತ್ರಿ. ಬೇಸಗ್ಯಾಗ ಮಾಡಿಬಿಡೋಣ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಮೈದುನನ ಮಗಗ ಹೆಣ್ಣು ನೋಡಿದ್ವಿ. ಎಲ್ಲಾ ಚಲೋ ಇತ್ತು. ಆಮ್ಯಾಲ ಗೊತ್ತಾಯ್ತು, ಹುಡುಗಿ ಸೋದರತ್ತಿಗಿ ತಲಿ ಕೆಟ್ಟಿತ್ತಂತ. ಮನೆತನದಾಗ ಅಂಥಾದಿದ್ರ ಹ್ಯಾಂಗ ಮಾಡ್ಕೋಬೇಕ್ರಿ? ಬಿಟ್ವಿ" ಎಂದಳು.

ಆಮ್ರಪಾಲಿ ಖುಷಿಯಲ್ಲಿದ್ದಳು. ಹೌದ್ರಿ ಹೌದ್ರಿ ಎಂದಳು. ಅವ್ವ ಕೈಯಲ್ಲಿದ್ದ ಬಿಸ್ಕತ್ತನ್ನು ಕಪ್ಪಿನ ಬಸಿಯಲ್ಲಿಟ್ಟು ಸಮುದ್ರದ ಕಡೆ ತಿರುಗಿದಳು.

ಮೂರನೆಯ ದಿನ ಬೆಳಗಿನ ತಿಂಡಿ ಮುಗಿಸಿ ವಿಶಾಖಾ, ಸೂರ್ಯಕಾಂತ ಕೆಳಗಿಳಿದಿದ್ದರು. ಅವ್ವ ಕುರ್ಚಿಯಿಂದ ಎದ್ದವಳು ಎರಡು ಹೆಜ್ಜೆ ಇಟ್ಟು ನಿಂತಳು. ಏನನ್ನೋ ಆಲಿಸುವವಳಂತೆ ತಲೆ ಒಂದು ಕಡೆಗೆ ವಾಲಿಸಿದಳು. ಮರುಗಳಿಗೆ ಕಟ್ಟಿಗೆಯಂತೆ ಸೆಟೆದು ಬಿದ್ದಳು. ಬಲಗೈ ಮೈ ಕೆಳಗೆ ಸಿಕ್ಕಿತು. ಕಾಲುಗಳು ನೆಲಕ್ಕೆ ಬಡಿಯತೊಡಗಿದವು, ಬಾಯಿಂದ ನೊರೆ ಬಂತು. ನೆಲ ಒರೆಸುತ್ತಿದ್ದ ಹೆಂಗಸು ಓಡಿ ಬಂದು ಅವ್ವನನ್ನು ಪಕ್ಕಕ್ಕೆ ಹೊರಳಿಸಿದಳು. ಆಮ್ರಪಾಲಿಗೆ ಅಷ್ಟೂ ತೋಚಲಿಲ್ಲ. ಅವಳು ಅವ್ವನ ಸೀರೆಯನ್ನು ಮೊಣಕಾಲ ಕೆಳಗೆ ಎಳೆಯುತ್ತ ಕೂತಿದ್ದಳು.

ಹಡಗಿನ ದವಾಖಾನೆಯಲ್ಲಿ ಡಾಕ್ಟರರು ಮೊದಲು ಕೇಳಿದ್ದು, ಯಾವ ಗುಳಿಗೆ ತೆಗೆದುಕೊಳ್ಳುತ್ತಾರೆ ಎಂದು.

"ಬರೀ ಕ್ಯಾಲ್ಸಿಯಂ" ಎಂದಳು ಆಮ್ರಪಾಲಿ.

ಅಷ್ಟರಲ್ಲಿ ವಿಶಾಖಾ ಓಡುತ್ತ ಬಂದಳು. "ಏನಾಯ್ತ್ರಿ?"

"ಚಕ್ಕರ್ ಬಂದು ಬಿದ್ರು. ಹಡಗು ಅಳ್ಳಾಡ್ತದಲ್ರಿ." ಆ ಮಾತು ಅಷ್ಟು ಸಲೀಸಾಗಿ ಎಲ್ಲಿಂದ ಬಂತು ಎಂದು ಆಮ್ರಪಾಲಿ ಈಗಲೂ ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ವಿಶಾಖಾ ಮಯೂರಿಗೆ ಫೋನು ಹತ್ತುತ್ತದೋ ನೋಡುತ್ತೇನೆಂದು ಹೊರಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಕಣ್ಣು ತೆರೆದಳು. ನಾಲಿಗೆ ಕಚ್ಚಿಕೊಂಡಿದ್ದರಿಂದ ಮಾತು ದಪ್ಪವಾಗಿತ್ತು.

"ಡಾಕ್ಟರ್ ಸಾಬ್, ಮೇರೆಕು ಫಿಟ್ಸ್ ಹೈ. ಚಾಲೀಸ್ ಸಾಲ್ ಸೆ. ಗೋಲಿ ಡಬ್ಬೆ ಮೆ ಥಿ."

ನಲವತ್ತು ವರ್ಷದ ಕಾಯಿಲೆ ಮಗಳಿಗೇ ಗೊತ್ತಿಲ್ಲವೇ ಎಂಬಂತೆ ಡಾಕ್ಟರರು ಆಮ್ರಪಾಲಿಯ ಮುಖ ನೋಡಿದರು. ಡಬ್ಬಿಯನ್ನು ಬಂದರಿನಲ್ಲೇ ಬಿಟ್ಟು ಬಂದದ್ದನ್ನು ಅವಳು ಹೇಳಿದಳು. ಇಂಥ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಬಂದರಿನಲ್ಲಿ ಒಂದರ್ಧ ಗಂಟೆ ಕೂತಿದ್ದರೆ ನಾವೇ ನೋಡಿ ಬರೆದುಕೊಡುತ್ತಿದ್ದೆವು ಎಂದರು. ಸೂಜಿ ಚುಚ್ಚಿ, ಗುಳಿಗೆ ಕೊಟ್ಟು, ಬಲಗೈಯ ಮುಂಗೈ ಮುರಿದಿದೆ ಎಂದು ಪಟ್ಟಿ ಕಟ್ಟಿದರು. ಅರ್ಧ ಗಂಟೆ ಎಂಬ ಮಾತನ್ನು ಅವರು ಜೋರಾಗಿಯೇನೂ ಹೇಳಲಿಲ್ಲ.

ಹಾಸಿಗೆಯ ಪಕ್ಕ ಕೂತ ಆಮ್ರಪಾಲಿಗೆ ಅವ್ವ ತುಂಡು ತುಂಡಾಗಿ ಹೇಳಿದಳು. ಆಮ್ರಪಾಲಿಗೆ ಏಳು ವರ್ಷವಿದ್ದಾಗ ತೊಗರಿ ಹೊಲದಲ್ಲಿ ಮೊದಲ ಸಲ ಬಂದದ್ದು. ಬಿಸಿಲು ಬಡಿದಿದೆ ಎಂದು ಊರಿಗೆ ಹೇಳಿದ್ದು. ಅಪ್ಪ ಹುಮನಾಬಾದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದದ್ದು.

"ಗುಳಿಗಿ ನುಂಗಿದ್ರ ಬರಲ್ಲ. ನಿಮ್ಮಪ್ಪ ಹೋದ ಮ್ಯಾಲ ನಾನೇ ಹೋಗಿ ತರ್ತಿದ್ದೆ. ಮಾಣಿಕನಗರದಾಗ ಔಷಧ ಅಂಗಡಿ ಅದ."

"ಮಠಕ್ಕ ಹೋಗ್ತೀನಂತಿದ್ದಿ."

"ಮಠ ಎದುರಿಗೇ ಅದ" ಎಂದು ಅವ್ವ ನಗಲು ನೋಡಿದಳು. "ಒಳಗ ಹೋಗಾಕ ಪುರಸೊತ್ತು ಎಲ್ಲಿರ್ತಿತ್ತು. ಪೇಢೆ ಅಂಗಡ್ಯಾಗ ತಗೋತಿದ್ದೆ."

"ನನಗರ ಹೇಳಬಾರದೇನವ್ವ?"

"ನಿನ್ನ ಲಗ್ನ ಆಗ್ಲಿ ಅಂತ ಮುಚ್ಚಿಟ್ಟೆ. ಆಮ್ಯಾಲ ಅದೇ ರೂಢಿ ಆಯ್ತು. ಮೊನ್ನಿ ಬಂದರದಾಗ ಹೇಳಬೇಕಂದೆ. ಮಯೂರಿ ಅತ್ತಿ ಹಿಂದೇ ನಿಂತಿದ್ಳು."

ಊರಿಗೆ ಬಂದ ಮೇಲೆ ಮುಂಗೈಗೆ ಪ್ಲಾಸ್ಟರ್ ಹಾಕಿಸಿದ್ದಾಯಿತು. ಹಡಗಿನ ಡಾಕ್ಟರರು ಕೊಟ್ಟು ಕಳಿಸಿದ್ದ ಗುಳಿಗೆ ತಿಂಗಳ ಮೇಲೂ ಸಾಲುವಷ್ಟಿತ್ತು. ಮಯೂರಿಯ ಮದುವೆ ಮೇ ತಿಂಗಳಿಗೆ ಗೊತ್ತಾಯಿತು. ಒಂದು ಮಧ್ಯಾಹ್ನ ಮಗಳಿಂದ ತಲೆ ಬಾಚಿಸಿಕೊಳ್ಳುತ್ತ ಅವ್ವ ಹೇಳಿದಳು, "ಇನ್ನ ಹೇಳಿಬಿಡು ಆಮ್ರಾ. ಮುಚ್ಚಿ ಮುಚ್ಚಿ ಸಾಕಾಗ್ಯದ. ಅಜೀತ ಶಾಣ್ಯಾ ಹುಡುಗ, ತಿಳ್ಕೋತಾನ."

"ಮಯೂರಿ ಲಗ್ನ ಒಂದು ಆಗ್ಲವ್ವ. ಆಮ್ಯಾಲ ಹೇಳೋಣು."

ಅವ್ವ ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಹ್ಞೂಂ. ನಾನೂ ಹಂಗೇ ಅಂದಿದ್ದೆ" ಎಂದಳು.

ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ಆ ಮಾತು ಆಮ್ರಪಾಲಿಯನ್ನು ಇಡೀ ವಾರ ಕಾಡಿತು. ತಿಂಗಳ ಮೊದಲ ಗುರುವಾರ ಶಾಲೆಗೆ ರಜೆ ಹಾಕಿ ಅವಳೇ ಹುಮನಾಬಾದಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ನಿಶ್ಚಯ: ಗುಳಿಗೆಗಳನ್ನು ಪಟ್ಟಿಯಲ್ಲೇ ತರುವುದು, ಹೆಸರು ಕಾಣುವಂತೆ ಮನೆಯ ಗೋಡೆಗೂಡಿನಲ್ಲಿಡುವುದು, ಸಂಜೆ ದೇವಿದಾಸನಿಗೂ ಮಯೂರಿಗೂ ಹೇಳುವುದು, ಭಾನುವಾರ ವಿಶಾಖಾಳ ಮನೆಗೆ ಹೋಗುವುದು. ಹಡಗಿನಿಂದ ಬಂದು ಇಷ್ಟು ದಿನವಾದರೂ ಗಂಡನಿಗೂ ಚಕ್ಕರ್ ಎಂದೇ ಹೇಳಿದ್ದಳು.

ಡಾಕ್ಟರರಿಂದ ಹೊಸ ಚೀಟಿ ಬರೆಸಿಕೊಂಡು ಆಟೋದಲ್ಲಿ ಮಾಣಿಕನಗರಕ್ಕೆ ಬಂದಳು. ಔಷಧದಂಗಡಿಯ ಅಜೀಮುದ್ದೀನ್ ಗಡ್ಡ ನೆರೆತ ಮನುಷ್ಯ. ಚೀಟಿ ಓದಿ ತಲೆಯೆತ್ತಿದರು.

"ಅಂಬುಬಾಯಿ ಅಕ್ಕನ ಮಗಳೇನ್ರಿ? ಟೀಚರ್ ಆಮ್ರಪಾಲಿ? ಅಕ್ಕ ಹ್ಯಾಂಗ ಅದಾರ? ಹೋದ ತಿಂಗಳ ಬರ್ಲಿಲ್ಲ ಅಂತ ಜೀವ ಹೊಡ್ಕೊಳ್ಳಾಕತ್ತಿತ್ತು."

ಆಮ್ರಪಾಲಿ ಕೈ ಮುರಿದದ್ದು ಹೇಳಿದಳು.

"ಇಲ್ಲೇ ಈ ಬಾಕಿನ ಮ್ಯಾಲ ಕುಂತು ಒಂದೊಂದೇ ಬಿಡಿಸಿ ಡಬ್ಬಿಗಿ ಹಾಕ್ತಿದ್ರು. ನಾ ಅಂತಿದ್ದೆ, ಅಕ್ಕಾ, ಹೀಂಗ ಬಿಡಿಸಿಡಬಾರದು, ಒಂದಿನ ಫಜೀತಿ ಆಗ್ತದ ಅಂತ. ನಮ್ಮ ಆಮ್ರಾ ಓದಿದಾಕಿ, ಹೆಸರು ಓದಿಬಿಡ್ತಾಳ ಅಂತಿದ್ರು." ಅವರು ಮೂರು ಪಟ್ಟಿ ತೆಗೆದು ಕಟ್ಟೆಯ ಮೇಲಿಟ್ಟರು. "ಪಟ್ಟಿನೇ ಒಯ್ತೀರಲ್ಲ?"

"ಪಟ್ಟಿನೇ ಕೊಡ್ರಿ" ಎಂದಳು ಆಮ್ರಪಾಲಿ.

"ಅರೇ! ಬೀಗತಿಯವರು ಮಾಣಿಕನಗರದಾಗ!"

ಬೀದಿಯಲ್ಲಿ ಆಟೋ ನಿಂತಿತ್ತು. ವಿಶಾಖಾ ಮದುವೆಯ ಪತ್ರಿಕೆಗಳ ಚೀಲ ಹಿಡಿದು ಇಳಿದು ಬಂದಳು. ಅಜೀಮುದ್ದೀನರ ಕೈ ತಾನಾಗಿಯೇ ಅಲ್ಲಿದ್ದ ದಿನಪತ್ರಿಕೆಯನ್ನು ಗುಳಿಗೆಯ ಪಟ್ಟಿಗಳ ಮೇಲೆ ಸರಿಸಿತು. ಎಷ್ಟೋ ವರ್ಷದ ರೂಢಿ ಇದ್ದಂತಿತ್ತು.

"ಏನ್ ತಗೊಳ್ಳಾಕತ್ತೀರಿ?"

ಅಜೀಮುದ್ದೀನ್ ಆಮ್ರಪಾಲಿಯನ್ನು ನೋಡಿದರು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಬಸ್ಸಿನಲ್ಲಿ ನಾಲ್ಕು ಸಲ ಆಡಿಕೊಂಡು ಬಂದ ಮಾತು. ವಿಶಾಖಾಳ ಕೈಯಲ್ಲಿದ್ದ ಪತ್ರಿಕೆಯ ಮೇಲೆ ಮಯೂರಿಯ ಹೆಸರು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

"ಅವ್ವಗ ಕ್ಯಾಲ್ಸಿಯಂ" ಎಂದಳು ಆಮ್ರಪಾಲಿ.

"ತಿನ್ನಿಸ್ರಿ, ಎಲುಬು ಗಟ್ಟಿ ಆಗ್ಲಿ. ಲಗ್ನದಾಗ ಅವ್ರು ಮುಂದಿನ ಕುರ್ಚಿ ಮ್ಯಾಲೇ ಕುಂದ್ರಬೇಕು ನೋಡ್ರಿ ಮತ್ತ" ಎಂದು ವಿಶಾಖಾ ಒಂದು ಪತ್ರಿಕೆಯನ್ನು ಅಜೀಮುದ್ದೀನರ ಕಟ್ಟೆಯ ಮೇಲೂ ಇಟ್ಟು ಹೋದಳು.

ಆಟೋ ತಿರುವಿನಲ್ಲಿ ಮರೆಯಾಯಿತು. ಅಜೀಮುದ್ದೀನ್ ಒಳಗಿನಿಂದ ಒಂದು ಖಾಲಿ ಕ್ಯಾಲ್ಸಿಯಂ ಡಬ್ಬಿ ತಂದು ಪಟ್ಟಿಗಳ ಪಕ್ಕದಲ್ಲಿಟ್ಟು, ಬೇರೆ ಗಿರಾಕಿಯ ಕಡೆ ತಿರುಗಿದರು. ಆಮ್ರಪಾಲಿ ಬಾಕಿನ ಮೇಲೆ ಕೂತು ಒಂದೊಂದೇ ಗುಳಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸತೊಡಗಿದಳು. ಮೂವತ್ತು ಬಿಡಿಸುವಷ್ಟರಲ್ಲಿ ಬೆರಳು ಕೆಂಪಾಯಿತು. ಡಾಕ್ಟರರ ಚೀಟಿಯನ್ನು ನಾಲ್ಕಾಗಿ ಮಡಿಚಿ ಪರ್ಸಿನ ಒಳಜೇಬಿಗೆ ಸೇರಿಸಿದಳು. ಆಮೇಲೆ ಎದುರಿನ ಅಂಗಡಿಗೆ ಹೋದಳು.

ಮನೆಯಲ್ಲಿ ಅವ್ವ ಎಡಗೈಯಿಂದ ಡಬ್ಬಿ ತೆಗೆದುಕೊಂಡು ನೋಡಿದಳು. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು.

"ಚೀಟಿ?"

"ಪರ್ಸಿನ್ಯಾಗ ಅದವ್ವ."

"ಚಲೋ ಆಯ್ತು" ಎಂದು ಡಬ್ಬಿಯನ್ನು ದಿಂಬಿನ ಪಕ್ಕದಲ್ಲಿಟ್ಟು ಗೋಡೆಯ ಕಡೆ ಹೊರಳಿ ಮಲಗಿದಳು.

ಅಂಗಡಿಯಿಂದ ಊಟಕ್ಕೆ ಬಂದ ದೇವಿದಾಸ ಮೇಜಿನ ಮೇಲಿನ ಪೊಟ್ಟಣ ನೋಡಿ ಹಿಗ್ಗಿದ. "ಓಹೋ, ಪೇಢೆ! ಅತ್ತಿ ಕೈಗಿ ಪ್ಲಾಸ್ಟರ್ ಅದ, ಯಾರು ತಂದ್ರು?"

"ನಾನೇ" ಎಂದಳು ಆಮ್ರಪಾಲಿ, ಅವನ ಮುಖ ನೋಡದೆ. "ಮಠಕ್ಕ ಹೋಗಿದ್ದೆ."